ನಮ್ಮಿಂದಾದ ಅಧಿಕಪ್ರಸಂಗ

ಅಧಿಕಪ್ರಸಂಗ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ನನಗೆ ಹನ್ನೊಂದು ಪದಗಳು ಗೊತ್ತಿದ್ದವು. ಮೆಲ್ಕಾರಿನಿಂದ ಬೆಳ್ತಂಗಡಿಯವರೆಗೆ ಹುಡುಕಿದರೂ ಅಷ್ಟು ಗೊತ್ತಿದ್ದವರು ಇನ್ನೊಬ್ಬರು ಸಿಗಲಾರರು ಎಂದು ಆ ಕಾಲದಲ್ಲಿ ನಾನು ನಂಬಿದ್ದೆ. ಈಗ ಕೇಳಿದರೆ, ಆ ಹನ್ನೊಂದರಲ್ಲಿ ಒಂದೂ ಗೊತ್ತಿರದಿದ್ದರೆ ಚೆನ್ನಾಗಿತ್ತು ಎನ್ನುತ್ತೇನೆ.

ನನ್ನ ಹೆಸರು ಕುಶಾಲಪ್ಪ. ಬೆಳ್ತಂಗಡಿಯಲ್ಲಿ ವಕೀಲರೊಬ್ಬರ ಬಳಿ ಹದಿಮೂರು ವರ್ಷ ಗುಮಾಸ್ತನಾಗಿದ್ದು, ಅವರು ತೀರಿಕೊಂಡ ಮೇಲೆ ಮೆಲ್ಕಾರಿನ ಜಂಕ್ಷನ್ನಿನಲ್ಲಿ, ಮೂಸಬ್ಬನವರ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದಿದ್ದೆ. ಆರು ಮೆಷೀನು, ಬೆಳಿಗ್ಗೆ ಸಂಜೆ ಮಕ್ಕಳಿಗೆ ಜೂನಿಯರ್, ಸೀನಿಯರ್ ಪಾಠ. ನಡುವಿನ ಹೊತ್ತಿನಲ್ಲಿ ಊರಿನವರ ಇಂಗ್ಲಿಷ್ ಕಾಗದಗಳು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿದ್ದರು. ಅಲ್ಲಿನ ಕಂಪನಿಗೆ, ರಾಯಭಾರ ಕಚೇರಿಗೆ, ವೀಸಾದವರಿಗೆ ಏನು ಬರೆಯುವುದಿದ್ದರೂ ಜನ ನನ್ನ ಮಹಡಿ ಹತ್ತುತ್ತಿದ್ದರು. ಅದರಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ತಿರುಗಿಸಿದ್ದು ಒಂದು ನಿಘಂಟು. ಮೂಡುಬಿದಿರೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು, ರಟ್ಟು ಹೋಗಿತ್ತು, ಮೊದಲ ನಲವತ್ತು ಪುಟಗಳೂ ಇರಲಿಲ್ಲ. ಆದರೆ ಒಳಗಿದ್ದ ಪದಗಳು ಈಗಿನವರು ಕೇಳಿಯೂ ಇರದವು. ನಾನು ಅವನ್ನು ಜಾತಿವಾರು ವಿಂಗಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದರಲ್ಲಿ ನನಗೆ ಬಲು ಇಷ್ಟದ ಪುಟ ಅಧಿಕಪ್ರಸಂಗದ್ದು. ಟೆಮೆರಿಟಿ ಎಂದರೆ ಹಿಂದೆಮುಂದೆ ನೋಡದೆ ನುಗ್ಗುವುದು. ಎಫ್ರಂಟರಿ ಎಂದರೆ ಮುಖದಲ್ಲಿ ನಾಚಿಕೆಯ ಗೆರೆಯೇ ಇಲ್ಲದಿರುವುದು. ಓವರ್‌ವೀನಿಂಗ್ ಎಂದರೆ ತನ್ನನ್ನು ತಾನೇ ಜಾಸ್ತಿ ತೂಗಿಕೊಳ್ಳುವುದು. ಮಲಪರ್ಟ್ ಎಂದರೆ ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕುವವನು, ಅದನ್ನು ಈಗ ಇಂಗ್ಲೆಂಡಿನವರೂ ಬಳಸುವುದಿಲ್ಲವಂತೆ. ಹಾರ್ಡಿಹುಡ್ ಮೊದಲು ಬರೀ ಧೈರ್ಯವೇ ಆಗಿತ್ತು, ಆಮೇಲೆ ಅದಕ್ಕೆ ಸೊಕ್ಕು ಎಂಬ ಅರ್ಥವೂ ಸೇರಿಕೊಂಡಿತು. ಈ ಪದಗಳಲ್ಲಿ ಅರ್ಧಕ್ಕರ್ಧ ಹಾಗೆಯೇ, ಹುಟ್ಟುವಾಗ ಹೊಗಳಿಕೆ, ಬೆಳೆದ ಮೇಲೆ ಬೈಗುಳ. ದೊಡ್ಡ ಮನುಷ್ಯ ಮಾಡಿದರೆ ಧೈರ್ಯ ಅನಿಸಿಕೊಳ್ಳುವುದು ಸಣ್ಣ ಮನುಷ್ಯ ಮಾಡಿದಾಗ ಅಧಿಕಪ್ರಸಂಗವಾಗುತ್ತದೆ ಎಂದು ನಾನೇ ಆ ಪುಟದ ಕೆಳಗೆ ಷರಾ ಬರೆದಿದ್ದೆ. ಬರೆದದ್ದು ನಾನೇ, ಅರ್ಥವಾಗದೆ ಹೋದದ್ದೂ ನನಗೇ.

ತೊಂಬತ್ತಾರರ ಆಗಸ್ಟಿನಲ್ಲಿ ಮೂಸಬ್ಬನವರು ಒಬ್ಬ ಹೆಂಗಸನ್ನು ಮಹಡಿಗೆ ಕರೆದುಕೊಂಡು ಬಂದರು. ಜೊತೆಗೆ ನಾಲ್ಕು ವರ್ಷದ ಒಂದು ಹೆಣ್ಣುಮಗು.

"ಇವಳು ನಸೀಬಾ, ನನ್ನ ತಂಗಿಯ ಸೊಸೆ. ಕಲ್ಲಡ್ಕದ ಆಚೆ ಮನೆ. ಝಕರಿಯಾನಿಗೆ ಸೌದಿಯಲ್ಲಿ ಸ್ವಲ್ಪ ತೊಂದರೆ ಆಗಿದೆ. ನೀವು ಒಂದು ಗಟ್ಟಿ ಕಾಗದ ಮಾಡಿ ಕೊಡಬೇಕು ಮಾರಾಯ್ರೆ" ಎಂದು ಹೇಳಿ, ಗಿರಾಕಿ ಬಂದರೆಂದು ಕೆಳಗೆ ಹೋದರು.

ನಸೀಬಾ ತಾನು ಕುಳಿತು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮಂಥವರ ಹತ್ತಿರ ತುಳು ಆಡುವವಳು, ಟೈಪಿಂಗ್ ಮಾಸ್ಟ್ರೆಂದು ನನ್ನೊಂದಿಗೆ ಶಾಲೆಯ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದಳು. ಗಂಡ ಝಕರಿಯಾ ಅಲ್ಲಿ ಕಂಪನಿಯೊಂದರ ಗೋದಾಮಿನಲ್ಲಿ ಸಾಮಾನು ಲೆಕ್ಕ ನೋಡುವವ. ಹೋಗಿ ಐದು ವರ್ಷ. ಹೋಗುವಾಗ ಈ ಫಾಹಿಮಾ ಹೊಟ್ಟೆಯಲ್ಲಿದ್ದಳು. ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿ, ಅವರು ಸಹಿ ಹಾಕದೆ ಊರಿಗೆ ಬರುವ ಹಾಗಿಲ್ಲ.

"ಮೂರು ಸಲ ರಜೆಗೆ ಅರ್ಜಿ ಕೊಟ್ಟಿದ್ದಾರೆ ಸರ್. ಮೂರನೇ ಸಲ ಮ್ಯಾನೇಜರರ ಮೇಜಿನ ಹತ್ತಿರ ಹೋಗಿ, ನನ್ನ ಅರ್ಜಿ ಎಲ್ಲಿ ಉಂಟು ಅಂತ ಕೇಳಿದರಂತೆ. ಅಷ್ಟೇ. ಅದಕ್ಕೆ ಇವನು ಜೋರು ಮಾಡಿದ, ಉದ್ಧಟತನ ಮಾಡಿದ ಅಂತ ಬರೆದು ಹಾಕಿದ್ದಾರೆ."

"ಜೋರು ಮಾಡಿದರಾ?"

"ಇಲ್ಲ ಸರ್. ಅವರಿಗೆ ಜೋರು ಬರುವುದೇ ಇಲ್ಲ. ಅಲ್ಲಿ ಇನ್ನು ಇಬ್ಬರು ಇದ್ದರಂತೆ, ಅವರು ಬೇಕಾದರೆ ಸಾಕ್ಷಿ ಹೇಳ್ತೇವೆ ಅಂತ ಹೇಳಿದ್ದಾರೆ. ಮುಂದಿನ ತಿಂಗಳು ವಿಚಾರಣೆ ಉಂಟು. ಅದರ ಮೊದಲು ಮನೆಯಿಂದ ಒಂದು ಕಾಗದ ಹೋದರೆ ದೊಡ್ಡವರ ಮನಸ್ಸು ಕರಗ್ತದೆ ಅಂತ ಅಲ್ಲಿಂದ ಬಂದವರು ಹೇಳಿದರು. ಮಗು ಅವರನ್ನು ನೋಡಲೇ ಇಲ್ಲ, ಒಮ್ಮೆ ಕಳಿಸಿ ಅಂತ, ಅಷ್ಟು ಬರೆದರೆ ಸಾಕು."

ಅಷ್ಟು ಬರೆದರೆ ಸಾಕಿತ್ತು. ಎರಡು ಸಾಲಿನ ಕೆಲಸ. ಆದರೆ ಎರಡು ಸಾಲು ಬರೆಯಲು ಕುಶಾಲಪ್ಪನೇ ಯಾಕೆ ಬೇಕು? ನನಗೆ ಹದಿಮೂರು ವರ್ಷ ಅರ್ಜಿ ಬರೆದ ಕೈ. ನಮ್ಮಲ್ಲಿ ದೊಡ್ಡವರಿಗೆ ಕಾಗದ ಬರೆಯುವಾಗ ವಿಷಯ ಆಮೇಲೆ ಬರುತ್ತದೆ, ಮೊದಲು ಕ್ಷಮೆ ಕೇಳುವುದು ಕ್ರಮ. ತಮ್ಮ ಅಮೂಲ್ಯ ಸಮಯದಲ್ಲಿ ಹೀಗೆ ಕಾಗದ ಬರೆಯುವ ಅಧಿಕಪ್ರಸಂಗ ನಮ್ಮಿಂದಾಗಿದೆ, ದೊಡ್ಡ ಮನಸ್ಸಿನಿಂದ ಮನ್ನಿಸಬೇಕು. ಬರೆಯುವವನು ಒಬ್ಬನೇ ಇದ್ದರೂ ನಮ್ಮಿಂದ ಎಂದೇ ಬರೆಯುತ್ತೇವೆ. ನನ್ನಿಂದ ಎಂದರೆ ಅಲ್ಲಿಯೂ ಸ್ವಲ್ಪ ಸೊಕ್ಕು ಕಂಡಂತೆ.

ಇದನ್ನು ಇಂಗ್ಲಿಷಿಗೆ ಇಳಿಸಲು ನಾನು ನೋಟ್‌ಬುಕ್ ತೆಗೆದೆ. ಪ್ರಿಸಂಪ್ಷನ್ ಹಾಕಿದೆ. ಒಂದೇ ಪದ ಬಡವಾಗಿ ಕಂಡಿತು, ಪಕ್ಕದಲ್ಲಿ ಎಫ್ರಂಟರಿ ಕೂರಿಸಿದೆ. ಎರಡರ ಹಿಂದೆ ಮಲಪರ್ಟ್ ಸೇರಿಸಿದಾಗ ಸಾಲಿಗೆ ಒಂದು ನಡಿಗೆ ಬಂತು. ಎಷ್ಟೋ ವರ್ಷದಿಂದ ಆ ಪದವನ್ನು ಎಲ್ಲಾದರೂ ಬಳಸಬೇಕೆಂದು ಕಾದಿದ್ದೆ. ಕೊನೆಗೆ ನಮ್ಮಿಂದ ಎನ್ನುವುದಕ್ಕೆ ಆನ್ ಅವರ್ ಪಾರ್ಟ್ ಎಂದು ಹೊಡೆದೆ. ಬೆರಳುಗಳಿಗೆ ಅಂಥ ಖುಷಿ ಆ ಮಹಡಿಯಲ್ಲಿ ಆಗಿದ್ದು ಅಪರೂಪ.

ನಸೀಬಾ ಏಳನೇ ಕ್ಲಾಸಿನವರೆಗೆ ಓದಿದವಳು. ಸಹಿ ಹಾಕುವ ಮೊದಲು ಅಕ್ಷರ ಕೂಡಿಸಿ ಕೂಡಿಸಿ ಓದಲು ನೋಡಿದಳು. ಒಂದು ಕಡೆ ಬೆರಳು ನಿಂತಿತು.

"ಇದು ಎಂತದ್ದು ಸರ್?"

"ಅಧಿಕಪ್ರಸಂಗ."

"ಅವರು ಅಧಿಕಪ್ರಸಂಗ ಮಾಡಲಿಲ್ಲವಲ್ಲ?"

"ಅದು ಅವರ ವಿಷಯ ಅಲ್ಲ. ನಾವು ಕಾಗದ ಬರೆದದ್ದೇ ಅಧಿಕಪ್ರಸಂಗ ಅಂತ. ಮರ್ಯಾದೆಯ ಮಾತು ಅದು."

"ಅಲ್ಲಿ ಅವರಿಗೆ ಹಾಗೇ ಗೊತ್ತಾಗ್ತದಾ ಸರ್? ಸಾದಾ ಬರೆದರೆ ಆಗುವುದಿಲ್ಲವಾ?"

ನಾನು ನಕ್ಕೆ. ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ಈಗ ನೀವು ಅಧಿಕಪ್ರಸಂಗ ಮಾಡ್ತಾ ಇದ್ದೀರಿ" ಎಂದೆ. ತಮಾಷೆಗೆ ಹೇಳಿದ ಮಾತು. ಅವಳ ಮುಖ ಸಣ್ಣದಾಯಿತು. ಮತ್ತೆ ಏನೂ ಕೇಳದೆ, ತೋರಿಸಿದ ಜಾಗದಲ್ಲಿ ಉರುಟು ಅಕ್ಷರದಲ್ಲಿ ಸಹಿ ಹಾಕಿದಳು. ಮರುದಿನ ಕಾಗದ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು.

ಝಕರಿಯಾ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಮೂಸಬ್ಬನವರ ಅಂಗಡಿಗೆ ಫೋನ್ ಮಾಡುತ್ತಿದ್ದ. ನಸೀಬಾ ಜುಮಾ ನಮಾಜು ಮುಗಿಯುವ ಹೊತ್ತಿಗೆ ಮಗುವಿನೊಂದಿಗೆ ಬಸ್ಸಿನಲ್ಲಿ ಬಂದು, ಬಟ್ಟೆಯ ರಾಶಿಯ ಪಕ್ಕದ ಸ್ಟೂಲಿನಲ್ಲಿ ಕಾಯುತ್ತಿದ್ದಳು. ಕಾಗದ ಹೋದ ಮೇಲೆ ಒಂದು ಸಲ ಫೋನ್ ಬಂತು, ಎಲ್ಲ ಸರಿಯಿತ್ತು. ಅದರ ನಂತರದ್ದು ಬರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ನಾನು ಮೇಲಿನಿಂದ ಇಳಿದು ಬರುವಾಗ ಅವಳು ಸ್ಟೂಲಿನಲ್ಲಿ ಕೂತಿರುವುದು ಕಾಣುತ್ತಿತ್ತು. ಲೈನ್ ಸಿಕ್ಕಿರಲಿಕ್ಕಿಲ್ಲ ಎಂದು ಹೇಳಿ ಹೋಗುತ್ತಿದ್ದೆ.

ಅಕ್ಟೋಬರಿನಲ್ಲಿ ಕಂಪನಿಯ ಉತ್ತರ ಬಂತು. ನಸೀಬಾ ಲಕೋಟೆ ಒಡೆಯದೆ ತಂದಿದ್ದಳು, ಮೂಸಬ್ಬನವರೂ ಮೇಲೆ ಬಂದು ಕೂತರು. ನಾನು ಗಂಟಲು ಸರಿಮಾಡಿಕೊಂಡು ಓದಿ, ಓದಿದ್ದನ್ನು ಕನ್ನಡದಲ್ಲಿ ಹೇಳತೊಡಗಿದೆ. ನಿಮ್ಮ ಕ್ಷಮಾಪಣೆ ತಲುಪಿತು. ನೌಕರನ ಉದ್ಧಟತನವನ್ನು ಆತನ ಕುಟುಂಬವೇ ಲಿಖಿತವಾಗಿ ಒಪ್ಪಿಕೊಂಡಿರುವುದನ್ನು ದಾಖಲಿಸಲಾಗಿದೆ. ವಿಚಾರಣೆಯಲ್ಲಿ ನೌಕರನೂ ಒಪ್ಪಿ ಸಹಿ ಮಾಡಿದ್ದಾನೆ. ಶಿಕ್ಷೆಯಾಗಿ ಮುಂದಿನ ಮೂರು ವರ್ಷ ರಜೆ ಇಲ್ಲ.

ಕುಟುಂಬವೇ ಎನ್ನುವಲ್ಲಿಗೆ ಬಂದಾಗ ನಾನು ಹೊಡೆದ ಸಾಲು ನೆನಪಾಯಿತು. ಕಪಾಟಿನಲ್ಲಿದ್ದ ಕಾರ್ಬನ್ ಪ್ರತಿ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಆನ್ ಅವರ್ ಪಾರ್ಟ್. ನಮ್ಮಿಂದ. ಮರ್ಯಾದೆಗೆ ಹಾಕಿದ ಬಹುವಚನದೊಳಗೆ ಗಂಡನೂ ಬಂದು ನಿಂತಿದ್ದ. ಉದ್ಧಟತನದ ಮೇಲೆಯೇ ವಿಚಾರಣೆ ನಡೆಯುತ್ತಿರುವ ಮನುಷ್ಯನ ಮನೆಯಿಂದ, ನಮ್ಮ ಉದ್ಧಟತನ ಮನ್ನಿಸಿ ಎಂದು, ಅದೂ ಒಂದಲ್ಲ ಮೂರು ಪದದಲ್ಲಿ ನಾನು ಬರೆದು ಕಳಿಸಿದ್ದೆ.

ಮೂಸಬ್ಬನವರಿಗೆ ಆ ಸೂಕ್ಷ್ಮ ತಿಳಿಯಲಿಲ್ಲ. "ನಾವು ಎಲ್ಲಿ ಒಪ್ಪಿದ್ದು? ಅವರು ಬೇಕಂತಲೇ ಹಾಗೆ ಬರೆದದ್ದು" ಎಂದರು. ನಸೀಬಾಳ ಯೋಚನೆ ಬೇರೆ ಕಡೆ ಇತ್ತು.

"ಮಾಡದ ತಪ್ಪಿಗೆ ಅವರು ಯಾಕೆ ಸಹಿ ಹಾಕಿದರು?" ಎಂದು ತನ್ನಲ್ಲೇ ಕೇಳಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. "ಒಂದು ವೇಳೆ ಜೋರು ಮಾಡಿದ್ದಿರಬಹುದಾ ಸರ್? ನನಗೆ ಬೇಜಾರಾಗ್ತದೆ ಅಂತ ಹೇಳದೆ ಇದ್ದಿರಬಹುದಾ?"

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಅವನು ನಿಜವಾಗಿ ಜೋರು ಮಾಡಿದ್ದರೆ ನನ್ನ ತಪ್ಪು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ ಎಂಬ ಲೆಕ್ಕ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು. ಹಾಗೆ ಆಗಿರಲಿ ಎಂದು ಆಸೆಪಟ್ಟೆ. ಬಾಯಿಂದ ಬಂದ ಮಾತು ಒಂದೇ.

"ಇರಬಹುದು."

ನಸೀಬಾ ತಲೆ ಆಡಿಸಿದಳು. ಐದು ವರ್ಷ ಕಾಣದ ಗಂಡನ ಬಗ್ಗೆ ಅವಳಿಗಿದ್ದ ಒಂದು ನಂಬಿಕೆಯನ್ನು ಆ ಮಾತಿನಿಂದ ನಾನು ಕಿತ್ತುಕೊಂಡಿದ್ದೆ. ಅವಳು ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿದು ಹೋದಳು.

ಒಂದು ವಾರ ನನಗೆ ಊಟ ಸೇರಲಿಲ್ಲ. ಮೊದಲ ಎರಡು ದಿನ, ಕಂಪನಿಯಲ್ಲಿ ಆ ಕಾಗದವನ್ನು ಮ್ಯಾನೇಜರರಿಗಾಗಿ ಅರಬ್ಬಿಗೆ ಇಳಿಸಿರಬಹುದಾದವನನ್ನು ಬೈದುಕೊಂಡೆ. ಪದದ ಸಂಬಂಧ ತಿಳಿಯದ ಮುಠ್ಠಾಳ, ಇಂಗ್ಲಿಷ್ ಬಾರದವನು ಭಾಷಾಂತರಕ್ಕೆ ಯಾಕೆ ಕೂರಬೇಕು ಎಂದು. ಮೂರನೆಯ ದಿನ ಬೈಗುಳ ಮುಗಿಯಿತು. ಕಾರ್ಬನ್ ಪ್ರತಿಯನ್ನು ಮುಂದೆ ಇಟ್ಟುಕೊಂಡು ಯಾರೋ ಬರೆದದ್ದೆಂಬಂತೆ ಓದಿದೆ. ಬೇರೆ ಅರ್ಥ ಹುಡುಕಿದರೂ ಬರಲಿಲ್ಲ. ಅವನ ಜಾಗದಲ್ಲಿ ನಾನು ಇದ್ದಿದ್ದರೂ ಹಾಗೆಯೇ ಭಾಷಾಂತರ ಮಾಡುತ್ತಿದ್ದೆ.

ಭಾನುವಾರ ಕಲ್ಲಡ್ಕದ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಅತ್ತೆ ಒಳಗಿದ್ದರು. ನಸೀಬಾ ಜಗಲಿಯಲ್ಲಿ ಕುರ್ಚಿ ಹಾಕಿ, ಷರಬತ್ತು ತಂದಿಟ್ಟಳು. ನಾನು ಅದನ್ನು ಮುಟ್ಟದೆ ಎಲ್ಲ ಹೇಳಿದೆ. ನಿಮ್ಮ ಯಜಮಾನರು ಜೋರು ಮಾಡಿರಲಿಕ್ಕಿಲ್ಲ. ಮಾಡಿದರು ಅಂತ ಬರೆದದ್ದು ನಾನು. ನೀವು ಬೆರಳಿಟ್ಟು ಕೇಳಿದ್ದು ಅದೇ ಪದ. ಅವತ್ತು ಇರಬಹುದು ಅಂತ ಹೇಳಿದ್ದೂ ನನ್ನ ತಪ್ಪು ಮುಚ್ಚಿಕೊಳ್ಳಲಿಕ್ಕೆ.

ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಬೈದಿದ್ದರೆ ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆ.

"ಹಾಗಾದರೆ ಅಲ್ಲಿ ಅವರ ಮೇಲೆ ನಾನೇ ದೂರು ಕೊಟ್ಟ ಹಾಗೆ ಆಯ್ತು" ಎಂದಳು. "ಅದಕ್ಕೆ ಫೋನ್ ಬರುವುದಿಲ್ಲ."

ನಾನು ಮತ್ತೊಂದು ಕಾಗದ ಬರೆದೆ. ಈ ಸಲ ಸಾದಾ ಇಂಗ್ಲಿಷಿನಲ್ಲಿ, ಐದನೇ ಕ್ಲಾಸಿನ ಮಕ್ಕಳು ಬರೆಯುವ ಹಾಗೆ. ತಪ್ಪು ಟೈಪಿಸ್ಟನದು, ಈ ಹೆಂಗಸು ಹಾಗೆ ಹೇಳಿಲ್ಲ, ಗಂಡನೂ ಹಾಗೆ ಮಾಡಿಲ್ಲ ಎಂದು ಬರೆದು ನನ್ನ ಹೆಸರು, ವಿಳಾಸ ಹಾಕಿ ನಾನೇ ಸಹಿ ಮಾಡಿದೆ. ಅದನ್ನೇ ಮಂಗಳೂರಿಗೆ ಹೋಗಿ ಫ್ಯಾಕ್ಸ್ ಮಾಡಿದೆ. ರಾಯಭಾರ ಕಚೇರಿಗೂ ಒಂದು ಕಳಿಸಿದೆ. ರಾಯಭಾರದವರು ನಿಮ್ಮ ಪತ್ರ ತಲುಪಿದೆ ಎಂದು ಅಚ್ಚು ಹಾಕಿದ ಒಂದು ಕಾರ್ಡು ಕಳಿಸಿದರು. ಕಂಪನಿಯವರು ಅದನ್ನೂ ಕಳಿಸಲಿಲ್ಲ. ಅವರ ಮಟ್ಟಿಗೆ ಒಪ್ಪಿಗೆಯ ಸಹಿ ಆಗಿತ್ತು, ಕಡತ ಮುಚ್ಚಿತ್ತು. ಮೆಲ್ಕಾರಿನ ಒಬ್ಬ ಟೈಪಿಸ್ಟ್ ಯಾರು ಅವರಿಗೆ?

ಕೊನೆಗೆ ಉಪಾಯ ಹೇಳಿದ್ದು ನಸೀಬಾ. ನಮ್ಮ ಕಡೆ ಬರೆಯಲು ಬಾರದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಆ ಊರಿಗೆ ಹೋಗುವವರ ಕೈಯಲ್ಲಿ ಕೊಡುವ ಕ್ರಮ ಇತ್ತು. ಅದೇ ಗೋದಾಮಿನ ಒಬ್ಬ ರಜೆ ಮುಗಿಸಿ ನವೆಂಬರಿನಲ್ಲಿ ಹೊರಡುವವನಿದ್ದ.

"ನಾನು ಹೇಳಿದರೆ ನಂಬುತ್ತಾರೋ ಇಲ್ಲವೋ. ನೀವೇ ಹೇಳಿ ಸರ್" ಎಂದಳು.

ಮೂಸಬ್ಬನವರ ಟೇಪ್‌ರೆಕಾರ್ಡರನ್ನು ಮಹಡಿಗೆ ತಂದು, ಮಕ್ಕಳ ಕ್ಲಾಸು ಬಿಟ್ಟ ಮೇಲೆ ಕೂತೆವು. ಕೆಂಪು ಗುಂಡಿ ಒತ್ತಿದೆ. ಇಂಗ್ಲಿಷ್ ಇಲ್ಲ, ಅರ್ಜಿಯ ಕನ್ನಡ ಇಲ್ಲ, ಬರೀ ತುಳುವಿನಲ್ಲಿ ಒಬ್ಬ ಗುರುತಿಲ್ಲದ ಮನುಷ್ಯನಿಗೆ, ತಪ್ಪು ನನ್ನದು ಎಂದು ಹೇಳಬೇಕಿತ್ತು. ಹೇಗೋ ಹೇಳಿದೆ. ನಸೀಬಾ ಬ್ಯಾರಿಯಲ್ಲಿ ತುಂಬಾ ಹೊತ್ತು ಮಾತಾಡಿದಳು, ನಾನು ಹೊರಗೆ ವರಾಂಡದಲ್ಲಿ ನಿಂತೆ. ಕೊನೆಗೆ ಮಗು ಬಾಪನಿಗೆ ಸಲಾಂ ಹೇಳಿ, ಮದರಸದಲ್ಲಿ ಕಲಿತದ್ದನ್ನು ಒಪ್ಪಿಸಿತು.

ಉತ್ತರ ಬರಲು ಜನವರಿಯಾಯಿತು. ಯಾರೋ ತಂದುಕೊಟ್ಟ ಕ್ಯಾಸೆಟ್ಟನ್ನು ನಸೀಬಾ ಮನೆಯಲ್ಲಿ ಕೇಳದೆ ಸೀದಾ ನನ್ನ ಮಹಡಿಗೆ ತಂದಳು. ನನಗೂ ಅದರಲ್ಲಿ ಮಾತಿರಬಹುದು ಎಂದು ಅವಳ ಎಣಿಕೆ. ಮೂಸಬ್ಬನವರೂ ಬಂದರು. ಅವನ ಬ್ಯಾರಿ ನನಗೆ ಪೂರ್ತಿ ತಿಳಿಯದಲ್ಲಿ ಅವರು ಮೆಲ್ಲನೆ ತುಳುವಿನಲ್ಲಿ ಹೇಳುತ್ತಿದ್ದರು. ಝಕರಿಯಾನ ದನಿ ನಾನು ಕೇಳಿದ್ದು ಅದೇ ಮೊದಲು. ನಿಜಕ್ಕೂ ಜೋರು ಬಾರದ ದನಿ. ಸದ್ದು ಏರಿಸಲು ಟೇಪಿನ ಗುಂಡಿಯನ್ನು ಎರಡು ಸಲ ತಿರುಗಿಸಬೇಕಾಯಿತು.

"ಮಾಸ್ಟ್ರು ಹೇಳಿದ್ದು ಕೇಳಿದೆ" ಎಂದಿತು ಆ ದನಿ. "ನನಗೆ ಈಗ ಸಮಾಧಾನ ಆಯ್ತು ನಸೀಬಾ. ಅವತ್ತು ವಿಚಾರಣೆಗೆ ಅವರಿಬ್ಬರೂ ಸಾಕ್ಷಿ ಹೇಳಲಿಕ್ಕೆ ಬಂದಿದ್ದರು. ಇವನು ಜೋರು ಮಾಡಲಿಲ್ಲ ಅಂತ ಹೇಳಿಯೂ ಆಗಿತ್ತು. ಆಗ ಮ್ಯಾನೇಜರ್ ನಿನ್ನ ಕಾಗದ ತೆಗೆದು ಓದಿಸಿದರು. ಇದು ನಿನ್ನ ಹೆಂಡತಿಯ ಸಹಿಯಾ ಅಂತ ಕೇಳಿದರು. ಹೌದು ಅಂದೆ. ನಿನ್ನ ಅಕ್ಷರ ನನಗೆ ಗೊತ್ತಿಲ್ಲವಾ? ಹಾಗಾದರೆ ಇವರು ಹೇಳಿದ್ದು ಸುಳ್ಳಾ, ನಿನ್ನ ಹೆಂಡತಿ ಬರೆದದ್ದು ಸುಳ್ಳಾ ಅಂತ ಕೇಳಿದರು. ಅಷ್ಟು ಜನರ ಎದುರು, ನನ್ನ ಹೆಂಡತಿ ಸುಳ್ಳು ಬರೆದಿದ್ದಾಳೆ ಅಂತ ನಾನು ಹೇಗೆ ಹೇಳುವುದು? ಅವಳು ಬರೆದದ್ದು ಸತ್ಯ ಅಂದೆ. ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದೆ."

ಟೇಪಿನಲ್ಲಿ ಫ್ಯಾನಿನ ಸದ್ದಿನ ನಡುವೆ ಅದೇ ದನಿ ಮುಂದುವರಿಯಿತು.

"ಆಮೇಲೆ ಫೋನ್ ಮಾಡಲಿಲ್ಲ. ಮಾಡಿದರೆ, ಯಾಕೆ ಹಾಗೆ ಬರೆದೆ ಅಂತ ಕೇಳಿಬಿಡ್ತಿದ್ದೆ. ಕೇಳುವುದು ಬೇಡ ಅಂತ ಇತ್ತು. ಮಾಸ್ಟ್ರಿಗೆ ಬೇಜಾರು ಮಾಡುವುದು ಬೇಡ ಅಂತ ಹೇಳು."

ಮೂಸಬ್ಬನವರು ಟೇಪು ನಿಲ್ಲಿಸಿದರು. ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೆಳಗೆ ನೋಡುತ್ತ ಕೂತರು. ನನಗೆ ಅಳು ಬಂದಿತ್ತು, ಅವರೆದುರು ಅಳುವ ಹಕ್ಕು ನನಗಿಲ್ಲ ಎಂದೂ ಗೊತ್ತಿತ್ತು.

ನಸೀಬಾ ಅಳಲಿಲ್ಲ. ಮೆಷೀನಿನ ಕಡೆ ಕೈ ತೋರಿಸಿದಳು.

"ಸರ್, ಇನ್ನೊಂದು ಕಾಗದ ಬರೆಯುವ. ಅವರು ಮಾಡಲಿಲ್ಲ, ನನಗೋಸ್ಕರ ಹಾಗೆ ಹೇಳಿದ್ದು ಅಂತ. ಸಹಿ ಹಾಕಿದ್ದು ಸತ್ಯ ಅಲ್ಲ ಅಂತ."

ನಾನು ಗಡಿಬಿಡಿಯಲ್ಲಿ ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಮೆಷೀನಿಗೆ ಏರಿಸಿದೆ. ತಾರೀಕು ಹೊಡೆದೆ. ಕಂಪನಿಯ ವಿಳಾಸ ಹೊಡೆದೆ. ನನ್ನ ಗಂಡ ಎಂದು ಹೊಡೆದು, ಮುಂದೆ ಏನು ಎಂಬಂತೆ ಅವಳ ಕಡೆ ನೋಡಿದೆ. ಏನೋ ಯೋಚನೆ ಬಂದದ್ದು ಅವಳ ಮುಖದಲ್ಲಿ ಕಾಣಿಸಿತು.

"ಬೇಡ ಸರ್" ಎಂದಳು.

"ಯಾಕೆ?"

"ಹಾಗೆ ಬರೆದರೆ, ಅವರು ಎಲ್ಲರೆದುರು ಸುಳ್ಳು ಹೇಳಿದರು ಅಂತ ನಾನೇ ಬರೆದ ಹಾಗೆ ಆಗ್ತದೆ. ಅದು ನನ್ನಿಂದ ಆಗುವುದಿಲ್ಲ."

ಅವಳು ಕ್ಯಾಸೆಟ್ಟನ್ನು ತೆಗೆದು ಡಬ್ಬಿಗೆ ಹಾಕಿದಳು. ಮಗುವಿಗೆ ಚಪ್ಪಲಿ ಮೆಟ್ಟಿಸಿದಳು. ಇನ್ನು ಎಷ್ಟು ವರ್ಷ ಎಂದು ಮಗು ಕೇಳಿತು. ಮೂರು ಎಂದು ಹೇಳಿ, ಮೂರು ಬೆರಳು ತೋರಿಸಿ, ಕೈ ಹಿಡಿದುಕೊಂಡು ಮೆಟ್ಟಿಲು ಇಳಿದಳು.